ಅತಿಥಿ ಮೇಷ್ಟರು

ಊಟಕ್ಕೆ ಬಂದ ನೆಂಟ ಹುಳಿಗೆ ಉಪ್ಪು ಸಾಲದು ಎಂದು ಹೇಳಬಹುದೆ? ನಮ್ಮ ಮನೆಗಳಲ್ಲಿ ಹಾಗೆ ಹೇಳುವ ವಾಡಿಕೆಯಿಲ್ಲ. ಎಲೆಯ ತುದಿಯಲ್ಲಿ ಬಡಿಸಿರುವ ಉಪ್ಪನ್ನು ಸದ್ದಿಲ್ಲದೆ ಕಲಸಿಕೊಂಡು, “ಹುಳಿ ಬಹಳ ಚೆನ್ನಾಗಿದೆ” ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುವುದೇ ನೆಂಟನ ಧರ್ಮ. ಮನೆಯವರು ಆ ಮಾತನ್ನು ನಂಬಲೇಬೇಕೆಂದಿಲ್ಲ. ಕೇಳಿ ಸಂತೋಷಪಟ್ಟರೆ ಸಾಕು, ಅದು ಅವರ ಧರ್ಮ. ಮೇಷ್ಟರ ಕಸುಬು ಇದಕ್ಕೆ ತೀರ ವಿರುದ್ಧವಾದದ್ದು. ಉಪ್ಪು ಸಾಲದು ಎಂದು ಹೇಳುವುದಕ್ಕೇ ಅವನಿಗೆ ಸಂಬಳ. ಹೇಳದೆ ಬಾಯಿ ಮುಚ್ಚಿಕೊಂಡು ಕುಳಿತರೆ ಆ ಸಂಬಳ ಅವನ ತಲೆಯ ಮೇಲಿನ ಋಣವೇ ಸರಿ. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಹುಡುಗರ ಉತ್ತರಪತ್ರಿಕೆಗಳ ಮೇಲೆ ಸುರಿದಿರುವ ಕೆಂಪು ಶಾಯಿಯನ್ನು ಒಟ್ಟುಗೂಡಿಸಿದರೆ ಒಂದು ಕೊಡಕ್ಕೆ ಕಡಿಮೆಯಾಗಲಾರದು.

ನೆಂಟ, ಮೇಷ್ಟರು ಇಬ್ಬರೂ ಬೇರೆ ಬೇರೆಯಾಗಿರುವವರೆಗೆ ತೊಡಕಿಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ಗುರುಕುಲ ಬಿಟ್ಟು ಹೊರಡುವ ಶಿಷ್ಯನಿಗೆ ತಾಯಿಯನ್ನೂ ತಂದೆಯನ್ನೂ ದೇವರೆಂದು ತಿಳಿ ಎಂದು ಹೇಳಿ, ಅದರ ಬೆನ್ನಿಗೇ ಆಚಾರ್ಯನನ್ನೂ ಅತಿಥಿಯನ್ನೂ ಹಾಗೆಯೇ ಕಾಣು ಎಂದು ಉಪದೇಶವಿದೆಯಷ್ಟೆ. ಪಕ್ಕಪಕ್ಕದಲ್ಲಿ ಕುಳಿತಿರುವ ಈ ಎರಡು ದೇವರು ಒಂದೇ ಮೈಯಲ್ಲಿ ಬಂದು ಬಾಗಿಲು ತಟ್ಟಿದರೆ ಯಾರಿಗೆ ಯಾವ ಪೂಜೆ ಎಂಬುದನ್ನು ಋಷಿಗಳು ಹೇಳಿಲ್ಲ. ಚೀನೀಯರ ಹಳೆಯ ಮನೆಗಳಲ್ಲಿ ಪೂಜೆಗಿಡುತ್ತಿದ್ದ ಫಲಕದ ಮೇಲೆ ಐದು ಅಕ್ಷರಗಳಿರುತ್ತಿದ್ದುವು: ಆಕಾಶ, ಭೂಮಿ, ರಾಜ, ತಾಯಿತಂದೆ, ಗುರು. ಅಲ್ಲಿ ಗುರುವುಂಟು, ಅತಿಥಿಯಿಲ್ಲ. ಆದರೂ ಅತಿಥಿಸತ್ಕಾರದಲ್ಲಿ ಆ ಜನ ನಮಗೇನೂ ಕಡಿಮೆಯಲ್ಲ. ನಾಲ್ಕು ಜನರ ಊಟಕ್ಕೆ ಹತ್ತು ತಟ್ಟೆ ಪದಾರ್ಥ ತಂದಿಟ್ಟು “ಏನೂ ಇಲ್ಲ, ದಯವಿಟ್ಟು ತಿನ್ನಿ” ಎನ್ನುವವರು ಅವರು.

ಆ ದೇಶಕ್ಕೆ ಇಂಗ್ಲಿಷ್ ಕಲಿಸಲು ಹೋದ ಪರದೇಶದ ಮೇಷ್ಟರುಗಳು ಬರೆದಿರುವ, ಅವರನ್ನು ಕುರಿತು ಬರೆದಿರುವ ಪುಸ್ತಕಗಳನ್ನು ಕೆಲವು ಕಾಲದಿಂದ ಓದುತ್ತಿದ್ದೇನೆ. ಕನ್ನಡ ಮೇಷ್ಟರಿಗೆ ಚೀನದ ಇಂಗ್ಲಿಷ್ ಮೇಷ್ಟರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಒಂದು ಕಾರಣ ಮುಂದೆ ಬರುತ್ತದೆ. ಇನ್ನೊಂದು ಕಾರಣ, ಮೇಲೆ ಹೇಳಿದ ತೊಡಕು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಪೀಟರ್ ಹೆಸ್ಲರ್ ಎಂಬ ಅಮೆರಿಕದ ತರುಣ 1996ರಲ್ಲಿ ಪೀಸ್ ಕೋರ್ ಸೇವೆಯ ಮೇಲೆ ಯಾಂಗ್‌ತ್ಸೆ ನದಿಯ ದಂಡೆಯಲ್ಲಿರುವ ಫೂಲಿಂಗ್ ಎಂಬ ಊರಿಗೆ ಬಂದ. ಅಲ್ಲಿನ ಅಧ್ಯಾಪಕರ ಕಾಲೇಜಿನಲ್ಲಿ ಜೊತೆಗಾರನೊಬ್ಬನೊಡನೆ ಎರಡು ವರ್ಷ ಇಂಗ್ಲಿಷ್ ಕಲಿಸಿದ. ಆ ಅನುಭವವನ್ನು ‘ರಿವರ್ ಟೌನ್’ ಎಂಬ ಪುಸ್ತಕವಾಗಿ 2001ರಲ್ಲಿ ಪ್ರಕಟಿಸಿದ. ಬೆಟ್ಟದ ಓರೆಯಲ್ಲಿ ಮೆಟ್ಟಲು ಮೆಟ್ಟಲಾಗಿ ಕಟ್ಟಿದ ಊರು ಅದು. ವಿದ್ಯಾರ್ಥಿಗಳಲ್ಲಿ ಬಹುಮಂದಿ ರೈತರ ಮಕ್ಕಳು. ಓದು ಮುಗಿಸಿ ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟರುಗಳಾಗಬೇಕಾದವರು. ಬೆಳಗಿನ ಹೊತ್ತು ಧ್ವನಿವರ್ಧಕದ ಸಂಗೀತಕ್ಕೆ ಸಾಮೂಹಿಕ ವ್ಯಾಯಾಮ. ಆಮೇಲೆ ಗಟ್ಟಿಯಾಗಿ ಬಾಯಿಪಾಠ. ನಮ್ಮ ಹಳೆಯ ಕೂಲಿಮಠದ ಗದ್ದಲ ನೆನಪಿಗೆ ಬರುತ್ತದೆ. ಹುಡುಗ ಹುಡುಗಿಯರೆಲ್ಲ ತಮಗೊಂದೊಂದು ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದರು. ಮೇಷ್ಟರಿಗೂ ಒಂದು ಚೀನೀ ಹೆಸರು ಸಿಕ್ಕಿತು, ಹೋ ವೇ ಎಂದು.

ಇಂಥ ಮೇಷ್ಟರಿಗೆ ಅಲ್ಲಿ ಸಿಕ್ಕುವ ಮರ್ಯಾದೆಯನ್ನು ಓದಿದರೆ ನಮ್ಮಂಥವರಿಗೆ ಸ್ವಲ್ಪ ಹೊಟ್ಟೆ ಉರಿಯಬೇಕು. ಕಾಲೇಜಿನ ಆವರಣದಲ್ಲಿಯೇ ಮನೆ. ಅವರ ಬೇಕುಬೇಡ ನೋಡಿಕೊಳ್ಳಲು ‘ವಾಯ್‌ಬಾನ್’ ಎಂಬ ಒಂದು ಪ್ರತ್ಯೇಕ ಕಚೇರಿ. ಸಮಾರಂಭಗಳಲ್ಲಿ ಮುಂದಿನ ಸಾಲು. ಛಾಯಾಚಿತ್ರದಲ್ಲಿ ನಡುವಿನ ಜಾಗ. ಔತಣಗಳಲ್ಲಿ ಜೋಳದಿಂದ ಭಟ್ಟಿ ಇಳಿಸಿದ ಘಾಟಾದ ಮದ್ಯ. ಒಬ್ಬೊಬ್ಬರಾಗಿ ಎದ್ದು ಬಂದು ಬಟ್ಟಲು ಒಣಗಲಿ ಎಂದು ಉಪಚಾರ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲೂ ‘ಅತಿಥಿ ಉಪನ್ಯಾಸಕ’ ಎಂಬ ಹೆಸರಿನವರು ಇದ್ದಾರೆ. ಆ ಅತಿಥಿಗಳಿಗೆ ವರ್ಷಪೂರ್ತಿ ಕೆಲಸದ ಭರವಸೆಯೂ ಇಲ್ಲ. ಸತ್ಕಾರದ ಮಾತಂತೂ ಬೇಡ. ಒಂದೇ ಶಬ್ದ ಎರಡು ದೇಶಗಳಲ್ಲಿ ಎಷ್ಟು ಬೇರೆ ಊಟ ಉಣ್ಣುತ್ತದೆ!

ಆದರೆ ಈ ಮರ್ಯಾದೆಗೆ ಒಂದು ಬೆಲೆಯುಂಟು. ಚೀನದ ಹುಡುಗರ ಭವಿಷ್ಯವನ್ನು ನಿರ್ಣಯಿಸುವುದು ಪ್ರತಿ ಜೂನ್ ತಿಂಗಳಲ್ಲಿ ನಡೆಯುವ ‘ಗಾವ್‌ಕಾವ್’ ಎಂಬ ವಿಶ್ವವಿದ್ಯಾನಿಲಯ ಪ್ರವೇಶ ಪರೀಕ್ಷೆ. ಅದರಲ್ಲಿ ಸಾಮಾನ್ಯವಾಗಿ 750 ಅಂಕಗಳಿಗೆ 150 ಇಂಗ್ಲಿಷಿನವು. ಆ 150ಕ್ಕೆ ಹುಡುಗರನ್ನು ಸಿದ್ಧಪಡಿಸುವವರು ಚೀನೀ ಮೇಷ್ಟರುಗಳು: ವ್ಯಾಕರಣ, ಶಬ್ದಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ. ಪರದೇಶದ ಮೇಷ್ಟರ ಪಾಲಿಗೆ ಬರುವುದು ವಾರಕ್ಕೊಂದು ಗಂಟೆಯ ಮಾತಿನ ಇಂಗ್ಲಿಷ್. ಅದಕ್ಕೆ ಹೆಚ್ಚು ಕಡೆಗಳಲ್ಲಿ ಲೆಕ್ಕಕ್ಕೆ ಬರುವ ಅಂಕಗಳಿಲ್ಲ. ಅವನ ತರಗತಿ ಎಲೆಯ ಮೇಲಿನ ಅನ್ನವೂ ಅಲ್ಲ, ಪಾಯಸವೂ ಅಲ್ಲ. ಎಲೆಯ ಸುತ್ತ ಬಿಡಿಸಿದ ರಂಗೋಲಿ. ರಂಗೋಲಿಯನ್ನು ಯಾರೂ ರುಚಿ ನೋಡುವುದಿಲ್ಲ. ಅದೂ ಯಾರಿಗೂ ಉಪ್ಪು ಸಾಲದೆಂದು ಹೇಳುವುದಿಲ್ಲ.

ಬೀದಿಯಲ್ಲಿ ಅವನನ್ನು ಕರೆಯುವ ಹೆಸರು ‘ಲಾವ್‌ವಾಯ್’. ಮೊದಲ ಅಕ್ಷರದಲ್ಲಿ ಹಿರಿಯನೆಂಬ ಸಲಿಗೆ, ಎರಡನೆಯದರಲ್ಲಿ ಹೊರಗಿನವನೆಂಬ ಗೆರೆ. ನಮ್ಮ ‘ಪರದೇಶಿ’ಗಿಂತ ವಾಸಿ ಎನ್ನಬೇಕು, ನಮ್ಮಲ್ಲಿ ಆ ಮಾತಿಗೆ ದಿಕ್ಕಿಲ್ಲದವನು ಎಂಬ ಅರ್ಥವೇ ಮುಂದಾಗಿದೆ. ಆತ ಅಂಗಡಿಯಲ್ಲಿ ಎರಡು ಶಬ್ದ ಚೀನೀ ಮಾತನಾಡಿದರೆ ಸಾಕು, “ನಿಮ್ಮ ಚೀನೀ ಎಷ್ಟು ಚೆನ್ನಾಗಿದೆ!” ಎಂದು ಹೊಗಳಿಕೆ. ಹೆಸ್ಲರ್ ಈ ಹೊಗಳಿಕೆಗೆ ಮರುಳಾಗಲಿಲ್ಲ. ಭಾಷೆ ಕಲಿಯಲು ಕಾಲೇಜಿನ ಅಧ್ಯಾಪಕಿಯೊಬ್ಬಳನ್ನು ಗೊತ್ತುಮಾಡಿಕೊಂಡ. ಆಕೆ ಹೊಗಳುವವಳಲ್ಲ. ಸ್ವರ ಕೊಂಚ ಜಾರಿದರೆ “ಬು ದುಯ್”, ಅಂದರೆ ‘ಸರಿಯಿಲ್ಲ’. ಮತ್ತೆ ಹೇಳಿದರೆ ಮತ್ತೆ “ಬು ದುಯ್”. ವಿದ್ಯಾರ್ಥಿಯ ಬೆನ್ನು ತಟ್ಟಿ ತಟ್ಟಿ ಕಲಿಸುವ ಅಮೆರಿಕದ ಪದ್ಧತಿಯಲ್ಲಿ ಬೆಳೆದವನಿಗೆ ಆ ಎರಡು ಅಕ್ಷರ ಚಾಟಿಯಂತೆ ಬಿದ್ದುವು. ತಿಂಗಳುಗಳು ಕಳೆದ ಮೇಲೆ ಆ ಶಬ್ದವನ್ನು ಆತ ಗೌರವಿಸುತ್ತ ಬಂದ. ಇಡೀ ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಭಾಗ. ಊರೆಲ್ಲ ಅವನನ್ನು ಅತಿಥಿಯೆಂದು ಕಂಡಿತು; ಆಕೆಯೊಬ್ಬಳು ಶಿಷ್ಯನೆಂದು ಕಂಡಳು. ಹೊಗಳಿಕೆಗಿಂತ ಆ ‘ಸರಿಯಿಲ್ಲ’ದಲ್ಲಿ ಆದರ ಹೆಚ್ಚಾಗಿತ್ತು ಎಂದು ನಾನು ನಂಬುತ್ತೇನೆ. ನನ್ನ ತರಗತಿಯ ಹುಡುಗರು ಇದನ್ನು ಒಪ್ಪಲಾರರು.

ಸರಿ, ಆಕೆ ಅವನಿಗೆ ‘ಸರಿಯಿಲ್ಲ’ ಎಂದಳು. ಅವನು ತನ್ನ ತರಗತಿಯಲ್ಲಿ ಹಾಗೆ ಹೇಳಬಹುದಾಗಿತ್ತೆ? ಕಾಗುಣಿತದ ವಿಚಾರದಲ್ಲಿ ಹೇಳಬಹುದು, ಉಚ್ಚಾರಣೆಯ ವಿಚಾರದಲ್ಲೂ ಹೇಳಬಹುದು. ಅದರಾಚೆಗೆ? ತರಗತಿಯಲ್ಲಿ ಚೀನದ ಬಗ್ಗೆ ಟೀಕೆಯೆಂದು ತೋರುವ ಒಂದು ಮಾತು ಪರದೇಶದವನ ಬಾಯಿಂದ ಬಂದರೆ ಮಕ್ಕಳು ಒಟ್ಟಿಗೇ ತಲೆ ತಗ್ಗಿಸಿ ಕೂರುತ್ತಿದ್ದರೆಂದು ಹೆಸ್ಲರ್ ಬರೆಯುತ್ತಾನೆ. ಯಾರೂ ವಾದಿಸುವುದಿಲ್ಲ, ಎದ್ದು ಹೋಗುವುದಿಲ್ಲ. ಸಾಲು ಸಾಲು ಕಪ್ಪು ತಲೆಗಳು, ಅಷ್ಟೆ. ಅಲ್ಲಿಗೆ ಪಾಠ ನಿಂತಂತೆ. ಆ ತಗ್ಗಿದ ತಲೆಗಳಲ್ಲಿ ಏನಿತ್ತು? ದೇಶಾಭಿಮಾನವೆ, ಹೆದರಿಕೆಯೆ, ಮನೆಯ ಮಾತು ಹೊರಗಿನವನ ಬಾಯಲ್ಲಿ ಬಂತಲ್ಲ ಎಂಬ ಸಂಕೋಚವೆ? ಮೂರೂ ಇದ್ದಿರಬಹುದು. ನನ್ನ ತಮ್ಮನನ್ನು ನಾನು ಬೈಯಬಹುದು. ಊಟಕ್ಕೆ ಬಂದವನು ಬೈದರೆ ನಾನೂ ತಲೆ ತಗ್ಗಿಸಿಯೇನು.

ಇದಕ್ಕಿಂತ ವಿಚಿತ್ರವಾದ ಪ್ರಸಂಗವೊಂದು ಐ. ಎ. ರಿಚರ್ಡ್ಸರಿಗೆ ಒದಗಿತು. ವಿಮರ್ಶಾಶಾಸ್ತ್ರ ಓದಿದ ಎಲ್ಲರಿಗೂ ಅವರ ಹೆಸರು ಗೊತ್ತು, ಎಂ. ಎ. ತರಗತಿಯಲ್ಲಿ ನಾವೂ ಅವರನ್ನು ಕಂಠಪಾಠ ಮಾಡಿದವರೇ. ಕೇಂಬ್ರಿಜ್ಜಿನ ಈ ಪ್ರಾಧ್ಯಾಪಕರು 1929-30ರಲ್ಲಿ ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದರು. ಹಾರ್ಡಿಯ ‘ಟೆಸ್’ ಕಾದಂಬರಿಯ ಕೊನೆಯ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಟೆಸ್‌ಳನ್ನು ಗಲ್ಲಿಗೇರಿಸಿದ ಗುರುತಿಗೆ ಕರಿಯ ಬಾವುಟ ಏರುತ್ತದೆ. ಇಂಗ್ಲೆಂಡಿನಲ್ಲಾದರೆ ಕಣ್ಣೊರಸಿಕೊಳ್ಳುವ ಜಾಗ. ಇಲ್ಲಿ ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು! ಏಕೆಂದು ವಿಚಾರಿಸಿದಾಗ ತಿಳಿಯಿತು: ಕಾದಂಬರಿಯ ಮೊದಲಲ್ಲಿ ಆ ಹುಡುಗಿ ತಂದೆಗೆ ಸಲ್ಲಬೇಕಾದ ಗೌರವ ಕೊಟ್ಟಿರಲಿಲ್ಲ, ಅಂಥವಳಿಗೆ ತಕ್ಕ ಶಿಕ್ಷೆ ಯಾವಾಗ ಬಂದೀತೆಂದು ಇವರು ಅಷ್ಟು ಪುಟಗಳುದ್ದಕ್ಕೂ ಕಾದಿದ್ದರು.

ಈಗ ಮೇಷ್ಟರು ಮಾಡಬೇಕಾದ್ದೇನು? ‘ಸರಿಯಿಲ್ಲ’ ಎನ್ನಬೇಕೆ? ಹಾರ್ಡಿ ಬರೆದದ್ದು ಅದಲ್ಲವೆಂಬುದು ನಿಶ್ಚಯ. ಆದರೆ ಹಾಗೆ ಹೇಳಿದರೆ ತಿದ್ದಿದಂತಾಗುವುದು ಓದನ್ನಲ್ಲ, ಎರಡು ಸಾವಿರ ವರ್ಷದ ಪಿತೃಭಕ್ತಿಯನ್ನು. ‘ಚೆನ್ನಾಗಿದೆ’ ಎಂದರೋ, ನೆಂಟನಾದ ಹಾಗಾಯಿತು. ಮೇಷ್ಟರು ಕೋಣೆ ಬಿಟ್ಟು ಹೋದ ಹಾಗಾಯಿತು. ರಿಚರ್ಡ್ಸರು ಇವೆರಡನ್ನೂ ಬಿಟ್ಟು ಚೀನೀ ವಿದ್ವಾಂಸರ ನೆರವಿನಿಂದ ಅಲ್ಲಿಯ ಪ್ರಾಚೀನ ಗ್ರಂಥವೊಂದನ್ನು ಓದಲು ಕುಳಿತರು. 1932ರಲ್ಲಿ ‘ಮೆನ್ಷಿಯಸ್ ಆನ್ ದಿ ಮೈಂಡ್’ ಹೊರಬಂತು. ಚೀನೀ ಭಾಷೆಯಲ್ಲಿ ಯೋಚಿಸುವವನ ಮನಸ್ಸಿನ ಕಟ್ಟು ಹೇಗೆ ಎಂಬ ಪ್ರಶ್ನೆಯ ಸುತ್ತ ಹೆಣೆದ ಪುಸ್ತಕ ಅದು. ಈ ಉತ್ತರದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಇದೇ ರಿಚರ್ಡ್ಸರು ಕೆಲವು ವರ್ಷಗಳ ಮೇಲೆ 850 ಶಬ್ದಗಳ ‘ಬೇಸಿಕ್ ಇಂಗ್ಲಿಷ’ನ್ನು ಚೀನದ ಶಾಲೆಗಳಿಗೆಲ್ಲ ಬಡಿಸಲು ಹೊರಟರಲ್ಲ, ಅದನ್ನು ಮಾತ್ರ ಒಪ್ಪಲು ಮನಸ್ಸು ಬರುವುದಿಲ್ಲ. ಉಪ್ಪು ಎಷ್ಟೆಂದು ಹೇಳುವುದು ಬೇರೆ. ಇನ್ನು ಮೇಲೆ ನಿಮ್ಮ ಮನೆಯ ಅಡುಗೆಯೆಲ್ಲ ಇಷ್ಟೇ ಸಾಮಾನಿನಲ್ಲಿ ಆಗತಕ್ಕದ್ದು ಎಂದು ಚೀಟಿ ಬರೆದುಕೊಡುವುದು ಬೇರೆ. 1937ರಲ್ಲಿ ಜಪಾನಿನ ಸೈನ್ಯ ನುಗ್ಗಿದ್ದರಿಂದ ಆ ಯೋಜನೆ ಕುಸಿಯಿತು.

ಅದೇ ವರ್ಷ ರಿಚರ್ಡ್ಸರ ಶಿಷ್ಯ ವಿಲಿಯಂ ಎಂಪ್ಸನ್ ಬೀಜಿಂಗಿನಲ್ಲಿ ಪಾಠ ಹೇಳಲೆಂದು ಬಂದರೆ, ವಿಶ್ವವಿದ್ಯಾನಿಲಯವೇ ಊರು ಬಿಟ್ಟು ಹೊರಟಿತ್ತು. ಉತ್ತರದ ಮೂರು ವಿಶ್ವವಿದ್ಯಾನಿಲಯಗಳು ಒಂದಾಗಿ ದಕ್ಷಿಣಕ್ಕೆ ಗುಳೆ ಹೋದುವು. ಸಾಹಿತ್ಯ ವಿಭಾಗ ಮೊದಲು ಹೂನಾನ್ ಪ್ರಾಂತದ ನಾನ್‌ಯುವೆ ಎಂಬ ಪುಣ್ಯಪರ್ವತದ ಮೇಲೆ ತಂಗಿತು. ಆಮೇಲೆ ದೂರದ ಯುನ್ನಾನ್ ಪ್ರಾಂತದ ಮೆಂಗ್‌ಜಿ, ಕುನ್‌ಮಿಂಗ್. ಪುಸ್ತಕಗಳು ಹಿಂದೆ ಉಳಿದಿದ್ದುವು. ಎಂಪ್ಸನ್ ಇಂಗ್ಲಿಷ್ ಕವಿತೆಗಳನ್ನು ನೆನಪಿನಿಂದ ಬೆರಳಚ್ಚು ಯಂತ್ರದಲ್ಲಿ ಬಡಿದು ಹುಡುಗರಿಗೆ ಕೊಟ್ಟರು. ‘ಒಥೆಲೊ’ ನಾಟಕವನ್ನೂ ಹಾಗೆಯೇ ಬರೆದುಕೊಟ್ಟರೆಂಬ ಐತಿಹ್ಯ ಅಲ್ಲಿ ಇಂದಿಗೂ ಉಂಟು. ಮಾತಿನಲ್ಲಿ ಅವರೇನೂ ಚತುರರಲ್ಲ. ಉಚ್ಚಾರಣೆ ತಿಳಿಯದೆ ಹುಡುಗರು ಒದ್ದಾಡುತ್ತಿದ್ದರು. ಕಪ್ಪು ಹಲಗೆಯ ತುಂಬ ಬರೆದು ತಿಳಿಸುವುದೇ ದಾರಿಯಾಗಿತ್ತು.

ಎಂಪ್ಸನ್ನರಿಗೆ ಔತಣ ಎಲ್ಲಿಂದ ಬರಬೇಕು? ಮನೆಯವರಿಗೇ ಮನೆಯಿರಲಿಲ್ಲ. ಬೆಟ್ಟದ ಮೇಲೆ ಚೀನೀ ತತ್ತ್ವಶಾಸ್ತ್ರಜ್ಞರೊಬ್ಬರೊಡನೆ ಒಂದೇ ಕೋಣೆ ಹಂಚಿಕೊಂಡರು. ಸತ್ಕಾರ ಮಾಡಲು ಯಾರಿಗೂ ಶಕ್ತಿಯಿಲ್ಲದ ಆ ಕಾಲದಲ್ಲಿ ಅತಿಥಿ ತಾನಾಗಿಯೇ ಕಳಚಿ ಬಿದ್ದು ಮೇಷ್ಟರೊಬ್ಬರೇ ಉಳಿದರು. ಅವರ ಪಾಠ ಕೇಳಿದವರಲ್ಲಿ ಮುಂದೆ ಇಂಗ್ಲಿಷ್ ಸಾಹಿತ್ಯದ ದೊಡ್ಡ ವಿದ್ವಾಂಸರಾದ ವಾಂಗ್ ಜುವೊಲಿಯಾಂಗ್ ಇದ್ದರು. ಮೂ ದಾನ್ ಎಂಬ ಕಾವ್ಯನಾಮದಿಂದ ಹೊಸ ಚೀನೀ ಕಾವ್ಯದ ಮುಖ್ಯ ಕವಿಯಾದ ಚಾ ಲಿಯಾಂಗ್‌ಜೆಂಗ್ ಇದ್ದರು. ಈ ಎರಡನೆಯ ಹೆಸರನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

1949ರಲ್ಲಿ ಹೊಸ ಸರ್ಕಾರ ಬಂತು. ಪರದೇಶದ ಮೇಷ್ಟರಿಗೆ ‘ವಿದೇಶೀ ತಜ್ಞ’ ಎಂಬ ಬಿರುದು ಬಂತು. ಸೋವಿಯತ್ ತಜ್ಞರಿಗಾಗಿ 1954ರಲ್ಲಿ ಬೀಜಿಂಗಿನಲ್ಲಿ ಕಟ್ಟಿದ ಮೈತ್ರಿ ಹೋಟೆಲು ಆಮೇಲೆ ಇತರ ದೇಶದವರಿಗೂ ವಸತಿಯಾಯಿತು. ಒಳಗೆ ಸೊಗಸಾದ ಊಟ, ಈಜುಕೊಳ; ಸುತ್ತ ಗೋಡೆ. ಇದನ್ನು ಸಹಿಸದ ನಾಲ್ವರು ಅಮೆರಿಕನರು 1966ರ ಆಗಸ್ಟಿನಲ್ಲಿ ದೊಡ್ಡ ಅಕ್ಷರಗಳ ಭಿತ್ತಿಪತ್ರ ಬರೆದು ಅಂಟಿಸಿದರು: ನಮಗೆ ಈ ವಿಶೇಷ ಸಂಬಳ, ವಿಶೇಷ ವಸತಿ ಬೇಡ, ಚೀನೀಯರನ್ನು ನಡೆಸಿಕೊಳ್ಳುವಂತೆಯೇ ನಮ್ಮನ್ನೂ ನಡೆಸಿಕೊಳ್ಳಿ ಎಂದು. ಮಾವೋ ಅದಕ್ಕೆ ಒಪ್ಪಿಗೆಯ ಷರಾ ಬರೆದರು. ಸೌಕರ್ಯ ಹೆಚ್ಚಿಸಿ ಎಂದು ಕೇಳುವ ನೌಕರರನ್ನೇ ಕಂಡು ಅಭ್ಯಾಸವಾದ ನಮಗೆ ಈ ಮನವಿ ಸೋಜಿಗವೆನಿಸುತ್ತದೆ. ಅವರ ಮನಸ್ಸು ಪ್ರಾಮಾಣಿಕವಾದದ್ದೇ. ಆದರೆ ಚೀನೀಯರನ್ನು ನಡೆಸಿಕೊಂಡಂತೆ ನಡೆಸಿಕೊಳ್ಳುವುದೆಂದರೆ ಆ ವರ್ಷಗಳಲ್ಲಿ ಏನರ್ಥವೆಂಬುದು ಬೇಗನೆ ಗೊತ್ತಾಯಿತು.

ಡೇವಿಡ್ ಕ್ರೂಕ್ ಮತ್ತು ಇಸಬೆಲ್ ಕ್ರೂಕ್ ಎಂಬ ದಂಪತಿಗಳು 1948ರಲ್ಲಿ ಹೆಬೇ ಪ್ರಾಂತದ ಒಂದು ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸಲು ಆರಂಭಿಸಿದವರು. ಆ ಶಾಲೆಯೇ ಬೆಳೆದು ಇಂದಿನ ಬೀಜಿಂಗ್ ವಿದೇಶೀ ಅಧ್ಯಯನ ವಿಶ್ವವಿದ್ಯಾನಿಲಯವಾಗಿದೆ. ಡೇವಿಡ್ಡನ ಪೂರ್ವಾಶ್ರಮ ಅಷ್ಟೇನೂ ಶುಭ್ರವಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋವಿಯತ್ ಗೂಢಚಾರರ ಪರವಾಗಿ ಜಾರ್ಜ್ ಆರ್ವೆಲ್ ಮೊದಲಾದವರ ಮೇಲೆ ಕಣ್ಣಿಟ್ಟಿದ್ದವನು. ವಿಧಿಯ ಹಾಸ್ಯ ನೋಡಿ: ಗೂಢಚಾರನಾಗಿದ್ದಾಗ ಸಿಕ್ಕಿಬೀಳದವನು, ಇಪ್ಪತ್ತು ವರ್ಷ ಮೇಷ್ಟರಾಗಿದ್ದ ಮೇಲೆ ಗೂಢಚಾರನೆಂಬ ಆರೋಪದಿಂದ 1967ರಲ್ಲಿ ಸೆರೆಯಾದ. ಐದು ವರ್ಷಕ್ಕೂ ಮೀರಿ ಒಂಟಿ ಕೋಣೆ. ಇಸಬೆಲ್ ಕಾಲೇಜಿನ ಆವರಣದಲ್ಲಿಯೇ ಬಂಧನದಲ್ಲಿದ್ದಳು. 1973ರಲ್ಲಿ ಬಿಡುಗಡೆ. ಅದೇ ವರ್ಷ ಮಾರ್ಚ್ 8ರಂದು ಪ್ರಧಾನಿ ಚೌ ಎನ್‌ಲಾಯ್ ವಿದೇಶೀ ತಜ್ಞರ ಸಭೆಯಲ್ಲಿ ಅವರಿಗಾದ ಅನ್ಯಾಯಕ್ಕೆ ಬಾಯಿಬಿಟ್ಟು ಕ್ಷಮೆ ಕೇಳಿದರು. ಕ್ರೂಕ್ ದಂಪತಿಗಳು ದೇಶ ಬಿಡಲಿಲ್ಲ. ಮತ್ತೆ ತರಗತಿಗೆ ಹೋದರು. ಡೇವಿಡ್ 2000ದಲ್ಲಿ ತೀರಿಕೊಂಡ. ಇಸಬೆಲ್ 2019ರಲ್ಲಿ ಚೀನ ಸರ್ಕಾರದ ಮೈತ್ರಿ ಪದಕ ಪಡೆದು, 2023ರಲ್ಲಿ 107ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈಗ ಆ ಇನ್ನೊಂದು ಹೆಸರು. ಎಂಪ್ಸನ್ನರ ಶಿಷ್ಯ ಮೂ ದಾನ್ ಅಮೆರಿಕದಲ್ಲಿ ಓದಿ, 1953ರಲ್ಲಿ ತಾಯ್ನಾಡಿಗೆ ಹಿಂದಿರುಗಿ ತಿಯಾನ್‌ಜಿನ್ ನಗರದ ನಾನ್‌ಕಾಯ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕನಾದ. 1958ರಲ್ಲಿ ಅವನಿಗೆ ಪ್ರತಿಕ್ರಾಂತಿಕಾರಿ ಎಂಬ ಹಣೆಪಟ್ಟಿ ಬಿತ್ತು. ಪಾಠ ಹೇಳುವ ಕೆಲಸ ಹೋಗಿ ಗ್ರಂಥಾಲಯದಲ್ಲಿ ಕಾವಲಿನ ದುಡಿಮೆ. ಬಿಡುವಿನಲ್ಲಿ ಬೈರನ್ನನ ‘ಡಾನ್ ಹ್ವಾನ್’ ಕಾವ್ಯವನ್ನು ಚೀನೀ ಭಾಷೆಗೆ ತಂದ. 1977ರಲ್ಲಿ ಸತ್ತ. ಅವನು ನಿರ್ದೋಷಿ ಎಂಬ ತೀರ್ಮಾನವೂ ಆ ಅನುವಾದದ ಅಚ್ಚೂ ಬಂದದ್ದು ಅವನು ಸತ್ತ ಮೇಲೆ. ಅತಿಥಿಗೆ ಪ್ರಧಾನಿಯ ಕ್ಷಮೆ ಬದುಕಿದ್ದಾಗಲೇ ಸಿಕ್ಕಿತು. ಮನೆಯ ಮಗನಿಗೆ ಸಿಕ್ಕಲಿಲ್ಲ.

ಕ್ರೂಕ್ ಪಟ್ಟ ಪಾಡನ್ನು ನಾನು ಹಗುರ ಮಾಡುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ನೆಂಟ ಉಪ್ಪು ಸಾಲದು ಎಂದು ಧೈರ್ಯವಾಗಿ ಹೇಳಿ ಕೈತೊಳೆದು ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಸತ್ಯವನ್ನೇ ಹೇಳಿದ. ಆಮೇಲೆ ಬೈಗಳು ಯಾರಿಗೆ? ಅಡುಗೆ ಮಾಡಿದ ಸೊಸೆಗೆ. ಸೊಸೆಯಂದಿರ ಪಾಡು ಬಲ್ಲ ನಮ್ಮ ಹಿರಿಯರು ನೆಂಟನ ಬಾಯಿಗೆ ಬೀಗ ಹಾಕಿದ್ದು ಬರಿಯ ದಾಕ್ಷಿಣ್ಯಕ್ಕಲ್ಲವೆಂದು ನನಗೆ ತೋರುತ್ತದೆ. ಪರದೇಶದ ಮೇಷ್ಟರ ಧೈರ್ಯವನ್ನು ನಾವು ಸುಲಭವಾಗಿ ಕೊಂಡಾಡುತ್ತೇವೆ. ಅವನಿಗೆ ಹಿಂದಿರುಗಲು ಒಂದು ದೇಶವಿದೆ. ಅವನ ಮಾತಿಗೆ ತರಗತಿಯಲ್ಲಿ ಹೂಂಗುಟ್ಟಿದ ಹುಡುಗನಿಗೆ ಇರುವುದು ಅದೊಂದೇ ದೇಶ. ಹಾಗೆಂದು ಮೇಷ್ಟರು ಸುಮ್ಮನಿದ್ದುಬಿಡಬೇಕೆ? ಆ ಹುಡುಗ ಸತ್ಯಕ್ಕೆ ಅನರ್ಹನೆಂದು ಇವನೇ ತೀರ್ಮಾನಿಸಿದಂತಾಗಲಿಲ್ಲವೆ? ಆ ತೀರ್ಮಾನ ಮಾಡಲು ಇವನಿಗೆ ಹಕ್ಕೇನು? ಈ ಎರಡು ಕೊಂಬುಗಳ ನಡುವೆ ಇಂಥ ಮೇಷ್ಟರ ದಿನ ಸಾಗುತ್ತದೆ. ಬೆಳಗ್ಗೆ ಎಂಟಕ್ಕೆ ಮೊದಲ ಗಂಟೆ ಹೊಡೆದಾಗ ಇದು ತತ್ತ್ವಶಾಸ್ತ್ರದ ಪ್ರಶ್ನೆಯಲ್ಲ. ಈ ಪ್ರಬಂಧದ ಅಂಚಿನಲ್ಲಿ ಇದನ್ನು ಬರೆಯಲೆ ಬೇಡವೆ ಎಂಬ ಪ್ರಶ್ನೆ.

ಹೆಸ್ಲರ್ 2019ರಲ್ಲಿ ಮತ್ತೆ ಚೀನಕ್ಕೆ ಹೋಗಿ ಚೆಂಗ್ಡು ನಗರದ ಸಿಚುವಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧರಚನೆ ಕಲಿಸಿದಾಗ ಆದದ್ದು ಇದೇ. ವಿದ್ಯಾರ್ಥಿಯೊಬ್ಬರ ಪ್ರಬಂಧದ ಮೇಲೆ ಬರೆದ ಷರಾಗಳನ್ನು ತಿರುಚಿ, ಆ ವರ್ಷದ ಡಿಸೆಂಬರಿನಲ್ಲಿ ಯಾರೋ ಅನಾಮಧೇಯವಾಗಿ ಸಾಮಾಜಿಕ ಜಾಲತಾಣದಲ್ಲಿ ದೂರು ಹಬ್ಬಿಸಿದರು. 2021ರಲ್ಲಿ ಅವನ ಒಪ್ಪಂದ ಮುಂದುವರಿಯಲಿಲ್ಲ. ಸಂಸಾರಸಮೇತ ದೇಶ ಬಿಟ್ಟ. 2024ರಲ್ಲಿ ‘ಅದರ್ ರಿವರ್ಸ್’ ಎಂಬ ಇನ್ನೊಂದು ಪುಸ್ತಕ ಬರೆದ. ಅದರಲ್ಲಿ ಅವನ ಹಳೆಯ ಫೂಲಿಂಗ್ ಶಿಷ್ಯರು ಮತ್ತೆ ಬರುತ್ತಾರೆ. ಬಹುಮಂದಿ ತಾವೇ ಮೇಷ್ಟರುಗಳಾಗಿ ಹಣ್ಣಾಗುತ್ತಿರುವವರು.

ನಾನು ಮೊದಲೇ ಹೇಳಿದ ಕಾರಣಕ್ಕೆ ಈಗ ಬರುತ್ತೇನೆ. ನನ್ನಲ್ಲಿ ಬಿ. ಎ.ಗೆ ಕನ್ನಡ ಓದಿದ ಹುಡುಗನೊಬ್ಬ ಆ ಮೇಲೆ ಇಂಗ್ಲಿಷಿನಲ್ಲಿ ಎಂ. ಎ. ಮಾಡಿ, 2018ರಲ್ಲಿ ಚೀನದ ಚೆಚಿಯಾಂಗ್ ಪ್ರಾಂತದ ಒಂದು ಊರಿಗೆ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋದ. ಸಕಲೇಶಪುರದವನು, ಹೇಮಾವತಿಯಲ್ಲಿ ಈಜು ಕಲಿತವನು. ಅವನ ಇಂಗ್ಲಿಷ್ ನನ್ನ ಕನ್ನಡಕ್ಕಿಂತ ಶುದ್ಧ. ಆದರೆ 2017ರಿಂದ ಚೀನದಲ್ಲಿ ಒಂದು ನಿಯಮ ಬಿಗಿಯಾಗಿತ್ತು: ಇಂಗ್ಲಿಷ್ ಕಲಿಸಲು ಬರುವವರು ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪ್ರಜೆಗಳಾಗಿರಬೇಕು. ಆ ದೇಶಗಳೆಂದು ಎಣಿಸಿದ್ದು ಏಳನ್ನು: ಅಮೆರಿಕ, ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕ. ಪಟ್ಟಿಯಲ್ಲಿ ಭಾರತವಿಲ್ಲ. ಭಾಷೆಯ ಒಡೆತನ ನಾಲಗೆಯ ಮೇಲಲ್ಲ, ಪಾಸ್‌ಪೋರ್ಟಿನ ಮೇಲೆ ಎಂದಾಯಿತು. ಶಾಲೆಯವರು ಕಾಗದದಲ್ಲಿ ಅವನಿಗೆ ಮಾರಾಟ ವಿಭಾಗದ ಕೆಲಸವೆಂದು ಬರೆದರು. ಬಾಯಿಮಾತಿನಲ್ಲಿ ಮತ್ತೊಂದು ಹೇಳಿದರು: ಯಾರಾದರೂ ಕೇಳಿದರೆ ಲಂಡನ್ನಿನಲ್ಲಿ ಹುಟ್ಟಿದವನು ಎನ್ನಬೇಕು.

ಗಾಜಿನ ಗೋಡೆಯ ಆಚೆ ತಾಯಿತಂದೆಯರು ಕುಳಿತು ನೋಡುತ್ತಿದ್ದರಂತೆ. ಮಕ್ಕಳನ್ನು ನಗಿಸಬೇಕು, ಹಾಡಿಸಬೇಕು. ‘ತಪ್ಪು’ ಎಂಬ ಶಬ್ದ ಕೂಡದು. ಒಂದು ದಿನ ‘ನನ್ನ ಊರು’ ಎಂಬ ಪಾಠ. ಎಂಟು ವರ್ಷದ ಹುಡುಗನೊಬ್ಬ ಎದ್ದು ನಿಂತು, ಟೀಚರ್, ನಿಮ್ಮ ಊರಿನಲ್ಲಿ ನದಿ ಇದೆಯೆ ಎಂದು ಕಷ್ಟಪಟ್ಟು ವಾಕ್ಯ ಜೋಡಿಸಿ ಕೇಳಿದ. ಇವನು “ಇದೆ, ಥೇಮ್ಸ್” ಎಂದ. ಹುಡುಗ ಅದನ್ನು ದುಂಡಾಗಿ ಪುಸ್ತಕದಲ್ಲಿ ಬರೆದುಕೊಂಡ. ನಮ್ಮವನು ಮುಂದೆ ನಾಲ್ಕು ತಿಂಗಳು ಅಲ್ಲಿದ್ದು ಹಿಂದಿರುಗಿದ.

ಅದನ್ನು ನನಗೆ ಹೇಳಿದ್ದು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು. “ಸಾರ್, ನಾನು ಕಲಿಸಿದ ಇಂಗ್ಲಿಷಿನಲ್ಲಿ ಒಂದೂ ತಪ್ಪಿರಲಿಲ್ಲ. ನಿಯಮವೇ ಅನ್ಯಾಯದ್ದು. ಸುಳ್ಳು ಹೇಳದೆ ನಾನು ಮೇಷ್ಟರಾಗುವ ದಾರಿಯೇ ಇರಲಿಲ್ಲ. ಇದರಲ್ಲಿ ನನ್ನ ತಪ್ಪೇನು?” ಎಂದ.

ನಿಯಮ ಅನ್ಯಾಯದ್ದೆಂಬುದನ್ನು ನಾನು ಒಪ್ಪಿದೆ. ಆದರೆ ಅದನ್ನು ಮಾಡಿದವನು ಆ ಎಂಟು ವರ್ಷದ ಹುಡುಗನಲ್ಲವಲ್ಲ ಎಂದೆ. ಅವನು ನದಿಯ ಹೆಸರು ಕೇಳಿದ್ದು ನಿನ್ನನ್ನು ನಂಬಿ. ವ್ಯಾಕರಣ ಶುದ್ಧವಾಗಿದ್ದರೂ ಆ ವಾಕ್ಯ ಶುದ್ಧವಾಗಿರಲಿಲ್ಲ. ಅವನು ಸುಮ್ಮನಿರಲಿಲ್ಲ. “ಹೇಮಾವತಿ ಎಂದಿದ್ದರೆ ಅಂದೇ ನನ್ನನ್ನು ಕಳಿಸುತ್ತಿದ್ದರು. ನಾನು ಊರಿಗೆ ಬರುತ್ತಿದ್ದೆ, ಸರಿ. ಆದರೆ ನನ್ನ ಜೊತೆ ತರಗತಿಯಲ್ಲಿದ್ದ ಚೀನೀ ಸಹಾಯಕ ಅಧ್ಯಾಪಕಿಗೆ ನಾನು ಭಾರತದವನೆಂದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲವೇಕೆ ಎಂದು ತಾಯಿತಂದೆಯರು ಅವಳನ್ನು ಹಿಡಿಯುತ್ತಿದ್ದರು” ಎಂದ. ಈ ಮಾತಿಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ.

ಆಕೆಯ ವಿಚಾರ ಕೇಳಿದೆ. ಇವನ ಹಾಡು ನಗು ಮುಗಿದ ಮೇಲೆ ಮಕ್ಕಳ ಬರವಣಿಗೆಯನ್ನೆಲ್ಲ ತಿದ್ದುತ್ತಿದ್ದವಳು ಆಕೆಯಂತೆ. ಗಾಜಿನ ಆಚೆ ಯಾರೂ ಇಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದು “ಬು ದುಯ್, ಬು ದುಯ್” ಎನ್ನುತ್ತಿದ್ದಳಂತೆ. ಸಂಬಳ ಇವನದರ ಅರ್ಧಕ್ಕಿಂತ ಕಡಿಮೆ. 2021ರ ಜುಲೈಯಲ್ಲಿ ಸರ್ಕಾರ ಶಾಲೆಯ ಪಾಠಗಳನ್ನು ಲಾಭಕ್ಕಾಗಿ ಕಲಿಸುವ ಖಾಸಗಿ ಸಂಸ್ಥೆಗಳನ್ನು ನಿಷೇಧಿಸಿದಾಗ ಆ ಶಾಲೆಯೂ ಮುಚ್ಚಿತು. ಅವಳ ಕೆಲಸವೂ ಹೋಯಿತು. ಇವನು ಒಂದು ಪತ್ರ ಬರೆದನಂತೆ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ ಎಂದು ಅವಳಿಂದ ಉತ್ತರ ಬಂತು. ಜೊತೆಗೆ, ಇವನು ಪತ್ರದಲ್ಲಿ ಚೀನೀ ಅಕ್ಷರಗಳಲ್ಲಿ ಬರೆದಿದ್ದ ಎರಡು ಸಾಲುಗಳ ತಪ್ಪುಗಳನ್ನು ತಿದ್ದಿ ಕಳಿಸಿದ್ದಳು.